ಅಲೆಯ ಪಟ್ಟಿಯ ಅಡಿಯ ಮೂರು ತೂತು

ಹಲ್ಲಕ್ಕ ಎಂಬ ಹೆಸರು ಆಕೆಗೆ ಬಂದದ್ದು ರಾಕೆಟ್ ಕ್ಲಬ್ಬಿನಲ್ಲಿ. ನಾನೂ ಆಕೆಯೂ ಕೆಲಸ ಮಾಡುವ ಲ್ಯಾಬಿನಲ್ಲಿ ಎಲ್ಲರೂ ಹಲ್ಲು ಕಟ್ಟುವವರೇ, ಅಲ್ಲಿ ಆ ಹೆಸರು ಯಾರಿಗೆ ಇಟ್ಟರೂ ಒಂದೇ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾವು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಒಂದೊಂದಾಗಿ ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ ಕಳಿಸುತ್ತೇವೆ. ಹನ್ನೊಂದು ವರ್ಷದಿಂದ ಆಕೆಯ ಮೇಜಿನ ಪಕ್ಕದ ಮೇಜು ನನ್ನದು. ಟಿವಿಯಲ್ಲಿ ಮಂತ್ರಿ ಭಾಷಣ ಮಾಡುತ್ತಿದ್ದರೆ ಹಲ್ಲಕ್ಕ ಮಾತು ಕೇಳುವುದಿಲ್ಲ, ಮೇಲಿನ ಸಾಲು ನೋಡುತ್ತಾಳೆ. "ಎಡಗಡೆ ಎರಡನೇದು ಕಟ್ಟಿಸಿದ್ದು. ಬಣ್ಣ ಹೊಂದಿಲ್ಲ," ಅನ್ನುತ್ತಾಳೆ. ಆಕೆ ಹೇಳಿದ ಮೇಲೆ ನಮಗೂ ಅದೊಂದೇ ಕಾಣುತ್ತದೆ.

ಆಕೆಯನ್ನು ರಾಕೆಟ್ಟಿಗೆ ಎಳೆದವರು ಅಳತೆ ಮೇಷ್ಟ್ರು. ಜಮೀನು ಅಳೆಯುವ ಕೆಲಸದಿಂದ ನಿವೃತ್ತರಾದ ಈ ಹಿರಿಯರ ಕೆಳಗಿನ ಹಲ್ಲಿನ ಸೆಟ್ಟು ವಸಡಿಗೆ ಒತ್ತುತ್ತಿತ್ತು. ವೈದ್ಯರ ಹತ್ತಿರ ಮೂರು ಸಲ ಹೋಗಿ ಬೇಸತ್ತು ಸೀದಾ ನಮ್ಮ ಲ್ಯಾಬಿಗೇ ಬಂದರು. ಹಲ್ಲಕ್ಕ ಅವರೆದುರೇ ಕೂತು, ಕಾಗದದಷ್ಟು ತೆಳ್ಳಗೆ ಒಂದು ಕಡೆ ಉಜ್ಜಿ ಕೊಟ್ಟಳು. ಹಾಕಿಕೊಂಡು ನೋಡಿದವರು ಬಾಯಿ ಮುಚ್ಚಿ ತೆರೆದು, "ಅಮ್ಮಾ, ಈ ಕೈ ಬರೀ ಹಲ್ಲಿಗೆ ಅಂತ ಇಟ್ಕೊಂಡ್ರೆ ಹೇಗೆ? ಭಾನುವಾರ ನಮ್ಮ ಶೆಡ್ಡಿಗೆ ಬನ್ನಿ," ಅಂದರು. ಅವರದೊಂದು ಕ್ಲಬ್ಬು. ಇಪ್ಪತ್ತು ಜನ ಪೆಟ್ಟಿಗೆಯಲ್ಲಿ ಬರುವ ಬಿಡಿಭಾಗಗಳಿಂದ ರಾಕೆಟ್ ಕಟ್ಟಿ, ತಿಂಗಳಿಗೊಂದು ಭಾನುವಾರ ಇಟ್ಟಿಗೆ ಗೂಡಿನ ಹಿಂದಿನ ಬೀಳು ಜಮೀನಿನಲ್ಲಿ ಅನುಮತಿ ಪಡೆದು ಹಾರಿಸುತ್ತಿದ್ದರು.

ಹೋದವಳು ಆರು ವರ್ಷ ಬಿಡಲಿಲ್ಲ. ರೆಕ್ಕೆ ಕೊಳವೆಗೆ ಸೇರುವ ಸಂದಿಯಲ್ಲಿ ಆಕೆ ಎಪಾಕ್ಸಿ ಅಂಟು ತುಂಬಿ ಬೆರಳಲ್ಲಿ ಸವರಿದರೆ ವಸಡಿನಿಂದ ಹಲ್ಲು ಎದ್ದ ಹಾಗೆ ನಯವಾಗಿ ಕಾಣುತ್ತಿತ್ತು. ನಾಲ್ಕನೆಯ ವರ್ಷಕ್ಕೆ ಮೇಷ್ಟ್ರು ಆಕೆಯನ್ನು ತಪಾಸಣೆ ಮೇಜಿನಲ್ಲಿ ಕೂರಿಸಿದರು. ಯಾವ ರಾಕೆಟ್ಟೇ ಆಗಲಿ, ಹಾರುವ ಮುಂಚೆ ಹಲ್ಲಕ್ಕನ ಕೈ ದಾಟಬೇಕು, ಚೀಟಿಯ ಮೇಲೆ ಆಕೆಯ ಸಹಿ ಬೀಳಬೇಕು.

ಇಷ್ಟಾದರೂ ಮನೆಯಲ್ಲಿ ಅದಕ್ಕೆ ಕವಡೆ ಕಿಮ್ಮತ್ತಿರಲಿಲ್ಲ. ಅತ್ತೆಯ ಪಾಲಿಗೆ ಅದು "ಅಟ್ಟದ ಮೇಲಿರಬೇಕಾದ ರಟ್ಟು." ಗಂಡ ಸಿಟಿ ಬಸ್ ಡ್ರೈವರ್. ಕೆಟ್ಟವನಲ್ಲ, ಆದರೆ ಭಾನುವಾರ ಅಂದರೆ ಅವನಿಗೆ ಮಂಚ. ಆರು ವರ್ಷದಲ್ಲಿ ಒಂದು ಸಲವೂ ಬಯಲಿಗೆ ಬರಲಿಲ್ಲ. "ಮೇಲಕ್ಕೆ ಹೋಗಿ ಕೆಳಕ್ಕೆ ಬರುತ್ತೆ, ಅಷ್ಟೇ ತಾನೇ?" ಅನ್ನುತ್ತಿದ್ದ.

ಮಹಡಿ ಮನೆಯಲ್ಲಿ ಮೈದುನನ ಸಂಸಾರ. ಮೈದುನನ ಹೆಂಡತಿ ಈಜುಕೊಳದಲ್ಲಿ ಟೀಚರ್. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ನಗು, ಯಾವಾಗಲೂ ಒದ್ದೆ ಕೂದಲು. ಎರಡು ವರ್ಷದ ಹಿಂದೆ ಒಂದು ಸಂಜೆ ಕೆಳಗೆ ಬಂದು, ಹಜಾರದಲ್ಲಿ ಹಲ್ಲಕ್ಕ ರೆಕ್ಕೆ ಉಜ್ಜುತ್ತಿದ್ದದ್ದು ನೋಡಿ ನೆಲದ ಮೇಲೇ ಕೂತುಬಿಟ್ಟಳು.

"ಅಕ್ಕಾ, ಇದು ಎಷ್ಟು ಚೆನ್ನಾಗಿದೆ! ನಾನೂ ಬರ್ಲಾ?"

ಮನೆಯೊಳಗೆ ಆ ಮಾತು ಆಡಿದ ಮೊದಲನೆಯವಳು ಅವಳೇ. ಹಲ್ಲಕ್ಕನಿಗೆ ಎಷ್ಟು ಹಿಗ್ಗಾಯಿತೆಂದರೆ ಮಾರನೆಯ ದಿನ ಲ್ಯಾಬಿನಲ್ಲಿ ನನಗೆ ಅದನ್ನು ಮೂರು ಸಲ ಹೇಳಿದಳು. "ನಮ್ಮ ವಾರಗಿತ್ತಿಗೆ ರುಚಿ ಇದೆ ಕಣೇ." ಅಂಟು ಕಲಸುವುದು, ಮರದ ರೆಕ್ಕೆಯ ಅಂಚು ದುಂಡು ಮಾಡುವುದು, ಪ್ಯಾರಾಚೂಟ್ ಮಡಿಸುವುದು ಎಲ್ಲವನ್ನೂ ಕೈ ಹಿಡಿದು ಹೇಳಿಕೊಟ್ಟಳು.

ಮೊದಲ ಆರು ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ ಸಣ್ಣಸಣ್ಣದು ಶುರುವಾಯಿತು. ಕ್ಲಬ್ಬಿನ ಶೆಡ್ಡಿಗೆ ಇಬ್ಬರೂ ಒಟ್ಟಿಗೆ ಹೋದರೆ ಎಲ್ಲರೂ ಮೊದಲು "ಟೀಚರ್ ಬಂದ್ರು!" ಅನ್ನುತ್ತಿದ್ದರು. ಹಲ್ಲಕ್ಕನಿಗೆ ಬರೀ ತಲೆ ಅಲ್ಲಾಡಿಸುತ್ತಿದ್ದರು. ಟೀಚರ್ ತಪ್ಪು ಮಾಡಿದರೂ ಜನಕ್ಕೆ ಮುದ್ದು. ಒಂದು ಸಲ ರೆಕ್ಕೆ ತಲೆಕೆಳಗಾಗಿ ಅಂಟಿಸಿಕೊಂಡು ಬಂದಳು. ಅಳತೆ ಮೇಷ್ಟ್ರೇ ಕೂತು ಬಿಡಿಸಿಕೊಟ್ಟು ನಕ್ಕರು. "ಅದೇ ತಪ್ಪು ನಾನು ಮಾಡಿದ್ರೆ ಕನ್ನಡಕ ಬದಲಾಯಿಸಿ ಅಂತಿದ್ರು," ಎಂದಳು ಹಲ್ಲಕ್ಕ, ಮೇಣ ಕರಗಿಸುತ್ತಾ. ನಾನು ನಕ್ಕೆ. ಆಕೆ ನಗಲಿಲ್ಲ.

ಅಷ್ಟರಲ್ಲಿ ಆಕೆ ತನ್ನದೇ ದೊಡ್ಡ ರಾಕೆಟ್ ಕಟ್ಟಲು ಶುರುಮಾಡಿ ಹದಿನಾಲ್ಕು ತಿಂಗಳಾಗಿತ್ತು. ಆರಡಿ ಎತ್ತರ, ಬಿಳಿ ಬಣ್ಣ, ಕುತ್ತಿಗೆಯ ಹತ್ತಿರ ಒಂದೇ ಒಂದು ಕೆಂಪು ಪಟ್ಟಿ. ರಟ್ಟಿನ ಕೊಳವೆಯ ಮೇಲೆ ಸುರುಳಿಯಾಗಿ ಗೆರೆ ಇರುತ್ತದಂತೆ. ಅದನ್ನು ತುಂಬಿ, ಉಜ್ಜಿ, ಮತ್ತೆ ತುಂಬಿ, ಮತ್ತೆ ಉಜ್ಜಿ, ಹಲ್ಲಿನ ಹೊಳಪಿಗೆ ತಂದಿದ್ದಳು. ಹಾರಿಸೋದು ಯಾವಾಗ ಅಂತ ಯಾರಾದರೂ ಕೇಳಿದರೆ, "ಇನ್ನೊಂದು ಕೋಟು ಬಣ್ಣ ಬಾಕಿ," ಅನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ಆಕೆಗೆ ಭಯ. ಒಡೆದರೆ?

ಟೀಚರ್ ತನ್ನ ದೊಡ್ಡ ಕಿಟ್ ತರಿಸಿದ್ದು ಆಗಲೇ. ಏಳೂವರೆ ಅಡಿ. ಕಟ್ಟಿ ಮುಗಿಸಿದ್ದು ಐದು ವಾರದಲ್ಲಿ.

"ಐದು ವಾರ," ಎಂದಳು ಹಲ್ಲಕ್ಕ. ಅವತ್ತು ಒಂದು ದವಡೆ ಹಲ್ಲನ್ನು ನಾಲ್ಕು ಸಲ ಕೂರಿಸಿ ನಾಲ್ಕು ಸಲ ಕಿತ್ತಳು. "ಉಜ್ಜೇ ಇಲ್ಲ. ದೂರದಿಂದ್ಲೇ ಗೆರೆ ಕಾಣುತ್ತೆ. ಹಳದಿ ಬಣ್ಣ ಬಳಿದು, ಮೇಲೆ ನೀಲಿ ಅಲೆಯ ಸ್ಟಿಕ್ಕರ್ ಸುತ್ತಿದ್ದಾಳೆ, ಅಲೆಯ ಮೇಲೆ ಮೀನು. ಮೀನು! ನಮ್ಮತ್ತೆ ಮಹಡಿ ಹತ್ತಿ ಹೋಗಿ ನೋಡಿಕೊಂಡು ಬಂದ್ರು. ಮಂಡಿ ನೋವು ಅಂತ ಆರು ತಿಂಗಳಿಂದ ಮೆಟ್ಟಿಲು ಹತ್ತದವರು! 'ಎಷ್ಟು ಲಕ್ಷಣವಾಗಿದೆ' ಅಂದ್ರು."

"ನಿಮ್ಮ ಯಜಮಾನ್ರು?"

"ಅವರು ವ್ಯಾನ್ ಗೊತ್ತು ಮಾಡಿದ್ದಾರೆ. ಅದನ್ನ ಬಯಲಿಗೆ ಸಾಗಿಸೋಕೆ. ತಾವೇ ಓಡಿಸಿಕೊಂಡು ಬರ್ತಾರಂತೆ." ಕಿತ್ತ ಹಲ್ಲನ್ನು ಐದನೆಯ ಸಲ ಮೇಣಕ್ಕೆ ಒತ್ತಿದಳು. "ಭಾನುವಾರ."

ಆಕೆಗೆ ಚುಚ್ಚಿದ್ದು ಅದೇ. ಮೀನಲ್ಲ, ಅತ್ತೆಯಲ್ಲ. ಆ ಭಾನುವಾರ.

ಹಾರಿಸುವ ಹಿಂದಿನ ದಿನ ಸಂಜೆ ಟೀಚರ್ ಕೆಳಗೆ ಬಂದು, "ಅಕ್ಕಾ, ಒಂದು ಸಲ ಮೇಲೆ ಬಂದು ನೋಡ್ತೀರಾ? ನಿಮ್ಮ ಕಣ್ಣಿಗೆ ಬಿದ್ರೆ ಧೈರ್ಯ," ಎಂದು ಕರೆದಳು. ಹಲ್ಲಕ್ಕ ಹೋದಳು. ಮಹಡಿಯ ಹಜಾರದಲ್ಲಿ ಎರಡು ಕುರ್ಚಿಗಳ ನಡುವೆ ರಾಕೆಟ್ ಮಲಗಿತ್ತು. ಆಕೆ ಬಗ್ಗಿ ಒಂದು ತುದಿಯಿಂದ ನೋಡುತ್ತಾ ಬಂದಳು. ಅಲೆಯ ಪಟ್ಟಿಯ ಹತ್ತಿರ ಬಂದಾಗ ಕಣ್ಣು ನಿಂತಿತು.

ಇಲ್ಲಿ ಒಂದು ವಿಷಯ ಹೇಳಬೇಕು. ದೊಡ್ಡ ರಾಕೆಟ್ಟಿನ ಹೊಟ್ಟೆಯಲ್ಲಿ ಎತ್ತರ ಅಳೆಯುವ ಪುಟ್ಟ ಯಂತ್ರ ಒಂದಿರುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುವುದನ್ನು ಅದು ನೋಡುತ್ತಿರುತ್ತದೆ. ಇನ್ನು ಮೇಲೆ ಹೋಗುತ್ತಿಲ್ಲ ಅಂತ ತಿಳಿದ ಕ್ಷಣ ಒಂದು ಚಿಟಿಕೆ ಮದ್ದು ಸಿಡಿಸಿ, ಮೂತಿಯನ್ನು ಕಳಚಿ, ಪ್ಯಾರಾಚೂಟನ್ನು ಹೊರದಬ್ಬುತ್ತದೆ. ಹೊರಗಿನ ಗಾಳಿ ಅದಕ್ಕೆ ತಾಗಲೆಂದು ಕೊಳವೆಯ ಸುತ್ತ ಮೂರು ಸಣ್ಣ ತೂತು ಇರುತ್ತವೆ. ಟೀಚರ್ ಸುತ್ತಿದ ಅಲೆಯ ಪಟ್ಟಿ ಆ ಮೂರನ್ನೂ ಮುಚ್ಚಿಬಿಟ್ಟಿತ್ತು. ಹಾಗೆಯೇ ಹಾರಿಸಿದರೆ ಯಂತ್ರ ಕುರುಡು. ಏಳೂವರೆ ಅಡಿಯ ರಾಕೆಟ್ ಮುಗಿಲಿನಿಂದ ಈಟಿಯ ಹಾಗೆ ನೆಲಕ್ಕೆ ಬಂದು ನೆಡುತ್ತದೆ.

"ಹೇಗಿದೆ ಅಕ್ಕಾ?"

"ಚೆನ್ನಾಗಿದೆ," ಎಂದಳು ಹಲ್ಲಕ್ಕ. ಕೆಳಗಿಳಿದು ಬಂದು ಪಾತ್ರೆ ತೊಳೆದಳು.

ಆಮೇಲೆ ನನ್ನ ಹತ್ತಿರ ಹೇಳಿದಾಗ ಆಕೆ ಯಾವ ಸಬೂಬನ್ನೂ ಹೇಳಲಿಲ್ಲ. "ಮರೆತೆ ಅಂತ ಹೇಳಬಹುದು. ಮರೆತಿರಲಿಲ್ಲ. ಪಾತ್ರೆ ತೊಳೀತಾ ಲೆಕ್ಕ ಹಾಕಿದ್ದೆ. ಜನ ಮುನ್ನೂರು ಅಡಿ ದೂರ ನಿಂತಿರ್ತಾರೆ, ಯಾರಿಗೂ ಏನೂ ಆಗಲ್ಲ, ಬರೀ ಅದೊಂದು ಹೋಗುತ್ತೆ ಅಂತ. ಅದು ನೆಲಕ್ಕೆ ಬಡಿಯೋ ಶಬ್ದ ಕೂಡ ಕಿವಿಗೆ ಬಂದಿತ್ತು ಕಣೇ. ಎಷ್ಟು ಹಿತವಾಗಿತ್ತು ಅಂತೀಯಾ."

ಭಾನುವಾರ ನಾನೂ ಬಯಲಿಗೆ ಹೋಗಿದ್ದೆ. ದೊಡ್ಡದು ಹಾರುತ್ತೆ ಅಂತ ಎರಡು ವಾರದಿಂದ ಕೇಳಿದ್ದೆನಲ್ಲ. ಬೆಳಗಿನ ಒಂಬತ್ತಕ್ಕೆ ವ್ಯಾನ್ ಬಂತು. ಹಲ್ಲಕ್ಕನ ಗಂಡ ಇಳಿದು, ಹಿಂದಿನ ಬಾಗಿಲು ತೆಗೆದು, ಮಗು ಎತ್ತಿಕೊಳ್ಳುವ ಹಾಗೆ ಆ ಹಳದಿ ರಾಕೆಟ್ಟನ್ನು ಎರಡೂ ಕೈಯಲ್ಲಿ ಹೊತ್ತು ತಂದ. ಅದು ಮೊದಲು ಬರಬೇಕಾದದ್ದು ತಪಾಸಣೆ ಮೇಜಿಗೆ. ಅಂದರೆ ತನ್ನ ಹೆಂಡತಿಯ ಮುಂದಕ್ಕೆ.

"ಇದಕ್ಕೇನಾ ನೀನು ಪ್ರತಿ ಸಲ ಬರೋದು? ಜಾತ್ರೆ ಇದ್ದ ಹಾಗಿದೆ," ಎಂದ, ಸುತ್ತ ನೋಡುತ್ತಾ.

"ಹೂಂ," ಎಂದಳು ಆಕೆ.

ರೆಕ್ಕೆ ಅಲ್ಲಾಡಿಸಿ ನೋಡಿದಳು. ಮೋಟರ್ ಭದ್ರವಾಗಿದೆಯೇ ಎಂದು ಎಳೆದು ನೋಡಿದಳು. ಪ್ಯಾರಾಚೂಟಿನ ಹಗ್ಗ, ಕೊಂಡಿ, ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಅಲೆಯ ಪಟ್ಟಿಯ ಮೇಲೆ ಮಾತ್ರ ಕಣ್ಣು ಹಾಯಿಸಲಿಲ್ಲ, ಬೆರಳನ್ನೂ ಆಡಿಸಲಿಲ್ಲ. ಚೀಟಿಗೆ ಸಹಿ ಹಾಕಿದಳು. ಆಕೆಯ ಕಿವಿ ಕೆಂಪಾಗಿದ್ದದ್ದು ನನಗೆ ನೆನಪಿದೆ. ಬಿಸಿಲಿಗೆ ಅಂದುಕೊಂಡೆ.

ರಾಕೆಟ್ಟನ್ನು ನೆಟ್ಟಗೆ ನಿಲ್ಲಿಸಿ ಹಾರಿಸುವ ಕಂಬಿಗೆ ಏರಿಸಿದರು. ಎಲ್ಲರೂ ಹಗ್ಗ ಕಟ್ಟಿದ ಗೆರೆಯ ಹಿಂದೆ ನಿಂತೆವು. ಅತ್ತೆಗೆ ಮಡಚುವ ಕುರ್ಚಿ ಹಾಕಿದ್ದರು. ಟೀಚರ್ ಸ್ವಿಚ್ ಪೆಟ್ಟಿಗೆ ಹಿಡಿದು, ಸಣ್ಣ ಹುಡುಗಿಯ ಹಾಗೆ ಕಾಲು ಕುಣಿಸುತ್ತಿದ್ದಳು. ಅಳತೆ ಮೇಷ್ಟ್ರು ಮೈಕಿನಲ್ಲಿ ಎಣಿಸಲು ಶುರುಮಾಡಿದರು.

"ಹತ್ತು... ಒಂಬತ್ತು... ಎಂಟು..."

ಹಲ್ಲಕ್ಕ ನನ್ನ ಪಕ್ಕದಲ್ಲೇ ಇದ್ದಳು. ಕಂಬಿಯ ಕಡೆಯೇ ನೋಡುತ್ತಿದ್ದಳು. ಹಲ್ಲು ಕಚ್ಚಿ ಹಿಡಿದಿದ್ದಳು.

"ಏಳು... ಆರು... ಐದು..."

"ನಿಲ್ಸೀ!"

ಅಂಥ ದನಿ ಆಕೆಯಿಂದ ಹನ್ನೊಂದು ವರ್ಷದಲ್ಲಿ ನಾನು ಕೇಳಿರಲಿಲ್ಲ. ಮೇಷ್ಟ್ರು ಎಣಿಕೆ ನಿಲ್ಲಿಸಿದರು. ಟೀಚರ್ ಬೆರಳು ತೆಗೆದಳು. ಪೆಟ್ಟಿಗೆಯ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡು ಮೇಷ್ಟ್ರು ಹತ್ತಿರ ಬಂದರು.

"ಏನಾಯ್ತು?"

"ಗಾಳಿ ತೂತು. ಸ್ಟಿಕ್ಕರ್ ಕೆಳಗೆ ಮುಚ್ಚಿಹೋಗಿವೆ. ಮೂರೂ."

ಟೀಚರ್ ಹಣೆ ಚಚ್ಚಿಕೊಳ್ಳುತ್ತಾಳೆ ಅಂದುಕೊಂಡೆ. ಅವಳು ನಕ್ಕಳು. "ಅಯ್ಯೋ ಅಕ್ಕಾ, ಅದಾ! ಬೆಳಿಗ್ಗೆ ಪುಸ್ತಕ ಇನ್ನೊಂದು ಸಲ ಓದ್ತಿದ್ನಲ್ಲ, ಆಗ ಗೊತ್ತಾಯ್ತು. ಸೂಜಿ ಕಾಯಿಸಿ ಚುಚ್ಚಿದ್ದೀನಿ. ಮೂರೂ ತೆರೆದಿವೆ. ಬೇಕಾದ್ರೆ ಬಂದು ನೋಡಿ."

ಮೇಷ್ಟ್ರು ಹೋಗಿ ನೋಡಿ ಬಂದರು. ತೆರೆದೇ ಇದ್ದವು. ಮೀನಿನ ಹೊಟ್ಟೆಯ ಕೆಳಗೊಂದು, ಅಲೆಯ ನಡುವೆ ಎರಡು. ನಾಲ್ಕು ಹೆಜ್ಜೆ ದೂರದಿಂದ ಕಾಣದಷ್ಟು ಸಣ್ಣಗೆ, ಆದರೆ ಸರಿಯಾಗಿ. ಎಲ್ಲರೂ ನಿಟ್ಟುಸಿರು ಬಿಟ್ಟರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಟೀಚರ್ ಮುಖದ ನಗು ಮಾತ್ರ ಅರ್ಧಕ್ಕೆ ನಿಂತಿತು. ಅವಳ ತಲೆಯಲ್ಲಿ ಏನೋ ಕೂಡಿಕೊಳ್ಳುತ್ತಿತ್ತು.

"ಅಕ್ಕಾ," ಎಂದಳು ಮೆಲ್ಲಗೆ. "ಬೆಳಿಗ್ಗೆನೇ ತೂತು ತೆರೆದಿದ್ದೆ. ಮೇಜಿನ ಮೇಲೆ ನೀವು ನೋಡಿದಾಗ ತೆರೆದೇ ಇತ್ತು. ಮುಚ್ಚಿದ್ದು ನಿಮಗೆ ಯಾವಾಗ ಗೊತ್ತಾಯ್ತು?"

ಒಂದು ಸುಳ್ಳು ಸಾಕಿತ್ತು. ಈಗ ತಾನೇ ಅನುಮಾನ ಬಂತು ಅಂದಿದ್ದರೆ ಮುಗಿಯುತ್ತಿತ್ತು. ಹಲ್ಲಕ್ಕನಿಗೆ ಆ ಸುಳ್ಳು ಹೊಳೆಯಲಿಲ್ಲವೋ, ಹೊಳೆದೂ ಬಾಯಿಗೆ ಬರಲಿಲ್ಲವೋ, ನನಗೆ ಗೊತ್ತಿಲ್ಲ.

"ನಿನ್ನೆ," ಎಂದಳು.

"ನಿನ್ನೆ ಮೇಲೆ ಬಂದಿದ್ರಲ್ಲ, ಆಗಲೇ?"

"ಹೂಂ."

ಮೇಷ್ಟ್ರು ಕೈಯಲ್ಲಿದ್ದ ಚೀಟಿ ನೋಡಿದರು. "ಇದಕ್ಕೆ ನೀವೇ ಸಹಿ ಹಾಕಿದ್ದೀರಲ್ಲಮ್ಮ. ನೋಡದೆ ಹಾಕಿದ್ರಾ?"

"ನೋಡಬಾರದು ಅಂತಲೇ ನೋಡಲಿಲ್ಲ, ಸಾರ್."

ಎಲ್ಲರ ಮುಖವೂ ಹಲ್ಲಕ್ಕನ ಕಡೆ ತಿರುಗಿತು. ಅತ್ತೆ ಕುರ್ಚಿಯಿಂದ, "ಏನಂತೆ? ಏನಂತೆ ಅದು?" ಎಂದು ಕೇಳುತ್ತಿದ್ದರು. ಟೀಚರ್ ಹಲ್ಲಕ್ಕನ ಮುಖವನ್ನು ಒಂದು ಕ್ಷಣ ನೋಡಿ, ಬೆನ್ನು ತಿರುಗಿಸಿ, ಮೇಷ್ಟ್ರ ಮುಂದೆ ಕೈ ಚಾಚಿದಳು. "ಕೀಲಿ ಕೊಡಿ ಸಾರ್."

ಮತ್ತೆ ಹತ್ತರಿಂದ ಎಣಿಸಿದರು. ಈ ಸಲ ಮೇಷ್ಟ್ರ ದನಿಯಲ್ಲಿ ಹಬ್ಬವಿರಲಿಲ್ಲ.

ಆ ಹಾರಾಟವನ್ನು ನಾನು ಮರೆಯುವುದಿಲ್ಲ. ಮೊದಲು ಹೊಗೆ, ಆಮೇಲೆ ಎದೆಗೆ ಗುದ್ದಿದಂಥ ಸದ್ದು, ನಾವು ತಲೆ ಎತ್ತುವಷ್ಟರಲ್ಲಿ ಹಳದಿ ಗೆರೆ ಮುಗಿಲಿನ ಅರ್ಧಕ್ಕೆ ಹೋಗಿತ್ತು. ಅದು ಕಡ್ಡಿಯಾಯಿತು, ಚುಕ್ಕಿಯಾಯಿತು, ಇಲ್ಲವಾಯಿತು. ಎಲ್ಲರೂ ಉಸಿರು ಬಿಗಿಹಿಡಿದೆವು. ಆಮೇಲೆ ತುಂಬಾ ಮೇಲೆ ಒಂದು ಸಣ್ಣ ಬಿಳಿ ಉಂಡೆ ಬಿಚ್ಚಿಕೊಂಡಿತು. ಯಂತ್ರ ತೋರಿಸಿದ ಎತ್ತರ ಸಾವಿರದ ನೂರ ನಲವತ್ತು ಮೀಟರ್. ಹಲ್ಲಕ್ಕನ ಗಂಡ ಬಾಯಿ ತೆರೆದು "ವಾ!" ಅಂದದ್ದು ನಮ್ಮಿಬ್ಬರಿಗೂ ಕೇಳಿಸಿತು.

"ಅಲ್ಲೂ ನಾನು ಒಳ್ಳೆಯವಳಾಗಲಿಲ್ಲ," ಎಂದು ಆಕೆ ಮಾರನೆಯ ದಿನ ಹೇಳಿದಳು. "ಪ್ಯಾರಾಚೂಟ್ ಬಿಚ್ಚಿಕೊಂಡಾಗ, ಇಟ್ಟಿಗೆ ಗೂಡಿನ ಮೇಲಾದ್ರೂ ಹೋಗಿ ಬೀಳಬಾರದಾ ಅನಿಸಿತು."

"ಮತ್ಯಾಕೆ ಅಕ್ಕಾ ನಿಲ್ಲಿಸಿದ್ರಿ?"

ಆಕೆ ಕನ್ನಡಕ ಹಣೆಗೇರಿಸಿ ಯೋಚಿಸಿದಳು. "ಅವಳಿಗಾಗಿ ಅಲ್ಲ. ಬಿಸಿಲಲ್ಲಿ ಅದೊಂದೇ ನಿಂತಿತ್ತು ನೋಡು, ಕಂಬಿಗೆ ಆತುಕೊಂಡು. ಉಜ್ಜಿಲ್ಲ, ಗೆರೆ ಕಾಣುತ್ತೆ, ಅದೆಲ್ಲ ಸರಿ. ಆದ್ರೂ ಯಾರೋ ಕೂತು ಕಟ್ಟಿದ ವಸ್ತು. ಅದು ಏನು ಮಾಡಿತ್ತು ನನಗೆ? ಪಾಪ ಅನಿಸಿತು. ರಾಕೆಟ್ ಮೇಲೆ."

ಅವತ್ತು ವ್ಯಾನಿನಲ್ಲಿ ವಾಪಸ್ ಹೋಗುವಾಗ ಗಂಡ ಹೆಂಡತಿ ಇಬ್ಬರೇ ಮುಂದೆ ಕೂತಿದ್ದರಂತೆ. ಉಳಿದವರು ಕ್ಲಬ್ಬಿನವರ ಕಾರು ಹತ್ತಿದ್ದರು. ಅರ್ಧ ದಾರಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಗಂಡ ಹೇಳಿದ, "ಇನ್ನೈದು ಸೆಕೆಂಡ್ ಬಾಯಿ ಮುಚ್ಕೊಂಡಿದ್ರೆ ಅದು ಸುಮ್ನೆ ಹಾರಿಹೋಗ್ತಿತ್ತು. ನರಪಿಳ್ಳೆಗೂ ಗೊತ್ತಾಗ್ತಿರಲಿಲ್ಲ."

ಹಲ್ಲಕ್ಕನಿಗೆ ಅಲ್ಲಿಯ ತನಕ ಅದು ಹೊಳೆದೇ ಇರಲಿಲ್ಲ. ಆಕೆಗೆ ನಗು ಬಂತು. ಒಂದು ಸಲ ಬಂದದ್ದು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಗಂಡನಿಗೂ ನಗು ಹತ್ತಿತು. ಹಸಿರು ದೀಪ ಬಂದರೂ ಹೊರಡದ ವ್ಯಾನಿಗೆ ಹಿಂದಿನವರು ಹಾರ್ನ್ ಹೊಡೆದರು. ಆಮೇಲೆ ಅವನು, "ಹೊಟ್ಟೆಕಿಚ್ಚು ನನ್ನಿಂದ ಶುರುವಾಯ್ತೇನೇ?" ಅಂತ ಕೇಳಿದ. ಆಕೆ ಕಿಟಕಿಯ ಕಡೆ ತಿರುಗಿ, "ನಿಮ್ಮಿಂದಾನೂ," ಅಂದಳು.

ಮೇಷ್ಟ್ರು ಆಕೆಯನ್ನು ತಪಾಸಣೆ ಮೇಜಿನಿಂದ ತೆಗೆದರು. ಎಲ್ಲರೆದುರು ಅಲ್ಲ, ಮನೆಗೇ ಬಂದು, ಟೀ ಕುಡಿದು, ಕಷ್ಟಪಟ್ಟು ಹೇಳಿದರು. ಆಕೆ ಹೂಂ ಅಂದಳು. ಟೀಚರ್ ಜಗಳವಾಡಲಿಲ್ಲ. ಜಗಳವಾಡಿದ್ದರೆ ಹಗುರವಾಗುತ್ತಿತ್ತೇನೋ. ಅವಳು ಕೆಳಗೆ ಬರುವುದನ್ನೇ ಬಿಟ್ಟಳು. ಎರಡು ತಿಂಗಳು ಹಲ್ಲಕ್ಕನಿಗೆ ವಾರಗಿತ್ತಿ ಎಂದರೆ ಛಾವಣಿಯ ಮೇಲಿನ ಹೆಜ್ಜೆ ಸಪ್ಪಳ ಮಾತ್ರ. ಮೆಟ್ಟಿಲಲ್ಲಿ ಎದುರಾದರೆ ಅವಳು ಗೋಡೆಯ ಕಡೆ ಸರಿದು ದಾರಿ ಬಿಡುತ್ತಿದ್ದಳು, ಅಷ್ಟೇ.

ಮೂರನೆಯ ತಿಂಗಳು ಒಂದು ಸಂಜೆ ಟೀಚರ್ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಹಳದಿ ರಾಕೆಟ್ಟಿನ ಹಿಂಭಾಗ. ಎರಡನೆಯ ಹಾರಾಟದಲ್ಲಿ ಕಲ್ಲಿನ ಮೇಲೆ ಇಳಿದು ಒಂದು ರೆಕ್ಕೆ ಬುಡದಲ್ಲೇ ಸೀಳಿತ್ತು. ಶೆಡ್ಡಿನಲ್ಲಿ ಯಾರ ಕೈಗೂ ಬಗ್ಗಿರಲಿಲ್ಲ.

"ಮರೆತಿದ್ದೀನಿ ಅಂತ ಅಂದ್ಕೋಬೇಡಿ," ಎಂದಳು ಹೊಸಿಲಲ್ಲೇ ನಿಂತು. "ಮರೆಯೋಕೆ ಆಗಲ್ಲ. ಆದ್ರೆ ಇದನ್ನ ಬೇರೆ ಯಾರೂ ಸರಿ ಮಾಡಲಾರರು."

"ಇಟ್ಟು ಹೋಗು."

"ಇಟ್ಟು ಹೋಗಲ್ಲ ಅಕ್ಕಾ. ಕೂತು ನೋಡ್ತೀನಿ."

ಮೂರು ಸಂಜೆ ಟೀಚರ್ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಳು. ಹಲ್ಲಕ್ಕ ಹಳೆಯ ಅಂಟನ್ನು ಕೆರೆದು ತೆಗೆದು, ಸೀಳಿಗೆ ಹೊಸದು ಇಳಿಸಿ, ಲ್ಯಾಬಿನಲ್ಲಿ ಮೇಣ ಸವರುವ ಅಲಗಿನಿಂದಲೇ ಸಂದಿಯನ್ನು ತಿದ್ದಿದಳು. ಹೆಚ್ಚು ಮಾತಿರಲಿಲ್ಲ. ಅಂಟು ಗಟ್ಟಿಯಾಗಲು ಎಷ್ಟು ಹೊತ್ತು, ಯಾವ ನಂಬರಿನ ಸ್ಯಾಂಡ್ ಪೇಪರ್, ಇಷ್ಟೇ. "ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಒಂದು ಸಂದಿ ಕಟ್ಟಿಲ್ಲ," ಎಂದು ನನಗೆ ಹೇಳುವಾಗ ಆಕೆಯ ಮುಖ ಹುಳ್ಳಗಾಗಿತ್ತು. "ಅದೂ ಅವಳದಕ್ಕೆ!"

ಅದರ ಮುಂದಿನ ತಿಂಗಳು ಹಲ್ಲಕ್ಕ ತನ್ನ ಬಿಳಿ ರಾಕೆಟ್ಟನ್ನು ಬಯಲಿಗೆ ತಂದಳು. ಮೇಜಿನ ಕೆಲಸ ಇಲ್ಲದ ಮೇಲೆ ಮಾಡಲು ಬೇರೇನೂ ಇರಲಿಲ್ಲ, ಬಣ್ಣದ ಕೋಟೂ ಎಂದೋ ಮುಗಿದಿತ್ತು. ಎಲ್ಲರ ಹಾಗೆ ಸಾಲಿನಲ್ಲಿ ನಿಂತು, ಬೇರೆಯವರಿಂದ ತಪಾಸಣೆ ಮಾಡಿಸಿಕೊಂಡು, ಗಂಡನ ಕೈಯಲ್ಲಿ ಕಂಬಿಗೆ ಏರಿಸಿದಳು. ಗುಂಡಿ ಒತ್ತುವಾಗ ಕಣ್ಣು ಮುಚ್ಚಿದ್ದಳು. ಗಾಳಿಗೆ ವಾಲಿಕೊಂಡು ಹಾರಿದ ಅದು ನಾನೂರ ಹನ್ನೆರಡು ಮೀಟರ್ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ, ಮುಳ್ಳುಪೊದೆಯೊಂದರ ಪಕ್ಕ ಇಳಿಯಿತು. ಹದಿನಾಲ್ಕು ತಿಂಗಳ ಹೊಳಪಿನ ಮೇಲೆ ಮೊಣಕೈಯುದ್ದದ ಗೀರು. ಗಂಡ ಪೊದೆಯ ತನಕ ಓಡಿದ. ಟೀಚರ್ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹಲ್ಲಕ್ಕ ಅದನ್ನೂ ಅಳೆದಿದ್ದಳು.

ಸೋಮವಾರ ಲ್ಯಾಬಿಗೆ ಬಂದವಳು ಏಪ್ರನ್ ಕಟ್ಟಿಕೊಳ್ಳುತ್ತಲೇ, "ಸಾವಿರದ ನೂರ ನಲವತ್ತು ಎಲ್ಲಿ, ನಾನೂರ ಹನ್ನೆರಡು ಎಲ್ಲಿ," ಎಂದಳು.

"ಈಗಲೂ ಹೊಟ್ಟೆ ಉರೀತದಾ ಅಕ್ಕಾ?"

"ಉರೀದೆ ಏನು? ಧಗಧಗ ಅಂತಿದೆ," ಎಂದು ಹೇಳಿ, ಒಬ್ಬ ಮುದುಕರ ಮೇಲಿನ ಸಾಲನ್ನು ಬೆಳಕಿಗೆ ಹಿಡಿದು ನೋಡಿದಳು. ಆ ವಾರದಲ್ಲೇ ಒಂಬತ್ತು ಅಡಿಯ ಕಿಟ್ಟಿಗೆ ಬರೆದು ಹಾಕಿದಳು. ಪೆಟ್ಟಿಗೆ ಬಂದಾಗ ಅದನ್ನು ಒಳಗೆ ತರಲು ಒಬ್ಬರ ಕೈಯಲ್ಲಿ ಆಗಲಿಲ್ಲ. ಒಂದು ತುದಿ ಗಂಡ ಹಿಡಿದ, ಇನ್ನೊಂದು ತುದಿ ಹಿಡಿಯಲು ಮೇಲಿನಿಂದ ವಾರಗಿತ್ತಿ ಇಳಿದು ಬಂದಳು.